ಚಿಲುಮೆ, ಗುಡುಗುಡಿ, ಪೈಪು: ಯಾವುದಕ್ಕೆ ಯಾವ ಪದ?

ಮಾಸ್ತರರೇ, ನಮಸ್ಕಾರ. ಸೇದುವ ಪೈಪುಗಳ ಇತಿಹಾಸದ ಮೇಲಿನ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪೈಪ್ ಎಂದು ಬಂದಲ್ಲೆಲ್ಲ 'ಚಿಲುಮೆ' ಎಂದು ಹಾಕಿದೆ. ಓದಿದವರೊಬ್ಬರು, 'ಚಿಲುಮೆ ಅಂದರೆ ನೀರಿನ ಬುಗ್ಗೆ, ಹೊಗೆಕೊಳವೆ ಅಂತ ಮಾಡಿ' ಎಂದರು. ಇನ್ನೆರಡು ಸಂಶಯಗಳಿವೆ. ಪೈಪು ಮಾಡುವ ವಸ್ತುಗಳ ಹೆಸರುಗಳಲ್ಲಿ 'ಮೀರ್‌ಶಾಮ್' ಎಂಬುದನ್ನು 'ಸಮುದ್ರನೊರೆ' ಎಂದೂ 'ಬ್ರಾಯರ್' ಎಂಬುದನ್ನು 'ಮುಳ್ಳುಕಂಟಿ' ಎಂದೂ ಮಾಡಿದ್ದೇನೆ. ಮೂಲಪದದ ಅರ್ಥ ಅದೇ ಅಲ್ಲವೇ? ತಿದ್ದಬೇಕು.
(ಕಾರವಾರದಿಂದ)

ನಮಸ್ಕಾರ. ಮೊದಲು 'ಹೊಗೆಕೊಳವೆ'ಯನ್ನು ಕೈಬಿಡಿ. ಅದನ್ನು ಓದಿದವರ ಕಣ್ಣ ಮುಂದೆ ಕಾರ್ಖಾನೆಯ ಚಿಮಣಿ ಬಂದು ನಿಲ್ಲುತ್ತದೆ.

ಚಿಲುಮೆಗೆ ಎರಡು ಅರ್ಥ ಇರುವುದು ನಿಜ. ಆದರೆ ಅವು ಒಂದೇ ಪದದ ಎರಡು ಅರ್ಥಗಳಲ್ಲ, ಎರಡು ಬೇರೆ ಪದಗಳು. ನೀರಿನ ಚಿಲುಮೆ ಅಚ್ಚ ದ್ರಾವಿಡ ಪದ. ಬತ್ತಿದ ಹೊಳೆಯ ಮರಳಿನಲ್ಲಿ ನೀರಿಗೆಂದು ತೋಡುವ ಗುಂಡಿಗೆ ತೆಲುಗಿನಲ್ಲಿ 'ಚೆಲಮ' ಎನ್ನುತ್ತಾರೆ. ತುಮಕೂರಿನ ಹತ್ತಿರದ ನಾಮದ ಚಿಲುಮೆಯ ಹೆಸರಿನಲ್ಲಿರುವುದೂ ಇದೇ ಪದ. ಸೇದುವ ಚಿಲುಮೆ ಬಂದದ್ದು ಪಾರಸಿ-ಹಿಂದಿಯ 'ಚಿಲಮ್', ಮರಾಠಿಯ 'ಚಿಲೀಮ್' ದಾರಿಯಿಂದ. ಕನ್ನಡಕ್ಕೆ ಬಂದು ಎಕಾರ ಸೇರಿ 'ಚಿಲಿಮೆ' ಆಯಿತು, ಆಮೇಲೆ ಮೊದಲೇ ಇದ್ದ 'ಚಿಲುಮೆ'ಯ ರೂಪಕ್ಕೆ ಹೊಂದಿಕೊಂಡಿರಬೇಕು. ತಮಾಷೆಯೆಂದರೆ ಅದರ ಜೊತೆಗೆ ಬರುವ ಕ್ರಿಯಾಪದವೂ ನೀರಿನದ್ದೇ: ಬಾವಿಯ ನೀರನ್ನೂ ಸೇದುತ್ತೇವೆ, ಹೊಗೆಯನ್ನೂ ಸೇದುತ್ತೇವೆ. ನಮ್ಮ ಸಿರ್ಸಿ ಕಡೆ ನೀರಿನದಕ್ಕೆ 'ಒರತೆ' ಎನ್ನುವುದೇ ರೂಢಿ, ಹಾಗಾಗಿ ಇಲ್ಲಿನವರಿಗೆ ಈ ಗೊಂದಲ ಕಡಿಮೆ. ಬಯಲುಸೀಮೆಯ ಓದುಗರೂ ನಿಮಗಿದ್ದರೆ 'ಚಿಲಿಮೆ' ಎಂದೇ ಬರೆಯಿರಿ. ಆ ರೂಪವೂ ಬಳಕೆಯಲ್ಲಿದೆ, ತಂಟೆಯೂ ಇಲ್ಲ.

ನಿಮ್ಮ ಅನುವಾದದ ತೊಡಕು ನಿಜವಾಗಿ ಇರುವುದು ಇಲ್ಲಲ್ಲ. ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಮೂರು ವಸ್ತುಗಳಿಗೆ ನೀವು ಒಂದೇ ಪದ ಹಾಕಿದ್ದೀರಿ.

ಚಿಲಿಮೆ ಎಂದರೆ ನೆಟ್ಟಗಿನ ಮಣ್ಣಿನ ಕೊಳವೆ. ಮೇಲೆ ಅಗಲ, ಕೆಳಗೆ ಕಿರಿದು, ಉದ್ದ ಹೆಚ್ಚೆಂದರೆ ಗೇಣು. ಬಗ್ಗಿದ ದಂಟಿಲ್ಲ, ಬೇರೆ ಬಟ್ಟಲೂ ಇಲ್ಲ. ಒಳಗೆ ಕಿರಿದಾಗುವಲ್ಲಿ ಒಂದು ಹರಳು ಕೂರಿಸುತ್ತಾರೆ. ಹಿಂದಿಯಲ್ಲಿ ಅದು 'ಗಿಟ್ಟಕ್'. ಹೊಗೆಸೊಪ್ಪೂ ಕೆಂಡವೂ ಬಾಯಿಗೆ ಜಾರದಂತೆ ತಡೆಯುವುದು ಅದೇ. ಹರಳು ತೀರಾ ಗುಂಡಗಿದ್ದು ಕೊಳವೆಗೆ ಬಿರಡೆಯ ಹಾಗೆ ಕೂತರೆ ಗಾಳಿಯೇ ಆಡುವುದಿಲ್ಲ. ತೀರಾ ಚಿಕ್ಕದಾದರೆ ಬೂದಿ ಬಾಯಿಗೆ ಬರುತ್ತದೆ. ಮೂಲೆಗಳಿರುವ ಕಲ್ಲಾದರೆ ಸುತ್ತ ಸಂದು ಉಳಿದು ಹೊಗೆಗೆ ದಾರಿ ಸಿಗುತ್ತದೆ. ಕೆಳತುದಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ, ಮರಾಠಿಯಲ್ಲಿ 'ಛಾಪಿ', ಹಿಂದಿಯಲ್ಲಿ 'ಸಾಫಿ'. ಅದು ಹೊಗೆಯನ್ನು ತುಸು ತಣಿಸುತ್ತದೆ, ಸಣ್ಣ ಬೂದಿಯನ್ನು ಹಿಡಿಯುತ್ತದೆ. ತುಟಿ ಮಣ್ಣಿಗೆ ತಾಗುವುದೇ ಇಲ್ಲ. ಎರಡೂ ಕೈಯನ್ನು ಬೊಗಸೆಯಂತೆ ಮಡಿಸಿ, ಬೆರಳ ಸಂದಿಯಿಂದ ಎಳೆಯುತ್ತಾರೆ. ನಿಮ್ಮ ಮೂಲದಲ್ಲಿ 'ಅವನು ಪೈಪನ್ನು ಹಲ್ಲಲ್ಲಿ ಕಚ್ಚಿಕೊಂಡ' ಎಂದಿದ್ದರೆ ಅದನ್ನು ಚಿಲಿಮೆ ಮಾಡಲು ಬರುವುದೇ ಇಲ್ಲ. ಇನ್ನೊಂದು: ಚಿಲಿಮೆ ಎಂದೊಡನೆ ಇಂದಿನ ಓದುಗನಿಗೆ ನೆನಪಾಗುವುದು ಗೋಕರ್ಣದ ಶಿವರಾತ್ರಿಯ ಸಾಧುಗಳು ಮತ್ತು ಗಾಂಜಾ. ಲಂಡನ್ನಿನ ಕೋಟುಧಾರಿಯ ಬಾಯಿಗೆ ಅದನ್ನಿಟ್ಟರೆ ಪಾತ್ರವೇ ಬದಲಾಗುತ್ತದೆ.

ಎರಡನೆಯದು ಗುಡುಗುಡಿ, ಅಂದರೆ ಹುಕ್ಕಾ. ಹೊಗೆ ನೀರಿನ ಮೂಲಕ ಬರುವಾಗಿನ ಸದ್ದೇ ಅದರ ಹೆಸರು. ಇದರ ನೆತ್ತಿಯ ಮೇಲೆ ಕೂರುವ ಸೊಪ್ಪು-ಕೆಂಡದ ಮಣ್ಣಿನ ಬಟ್ಟಲಿಗೆ ಮಾತ್ರ 'ಚಿಲಿಮೆ' ಎನ್ನುತ್ತಾರೆ. ಆದ್ದರಿಂದ ಹುಕ್ಕಾ ಬಂದಲ್ಲಿ ಚಿಲಿಮೆ ಎಂದು ಬರೆದರೆ, ದೋಣಿ ಎನ್ನುವಲ್ಲಿ ಹುಟ್ಟು ಎಂದ ಹಾಗೆ. ಚಿಲಿಮೆಯಿಂದ ಇಳಿಯುವ ನಳಿಗೆಯ ತುದಿ ನೀರಿನಲ್ಲಿ ಎರಡು ಬೆರಳಿನಷ್ಟು ಮುಳುಗಿರಬೇಕು. ಹೆಚ್ಚು ಮುಳುಗಿದರೆ ಎಳೆಯಲು ದಮ್ಮು ಸಾಲುವುದಿಲ್ಲ, ಮುಳುಗದಿದ್ದರೆ ಸದ್ದೂ ಇಲ್ಲ, ತಂಪೂ ಇಲ್ಲ. ನೀರು ಹೊಗೆಯನ್ನು ತಣಿಸುತ್ತದೆ, ಅದರ ವಿಷವನ್ನು ಸೋಸಿ ತೆಗೆಯುವುದಿಲ್ಲ. ಮೂಲದಲ್ಲಿ 'ಶುದ್ಧವಾಗುತ್ತದೆ' ಎಂಬ ಅರ್ಥದ ಮಾತಿದ್ದರೆ 'ತಣಿಯುತ್ತದೆ' ಎಂದು ಮಾಡಿ.

ನೀರಿನ ಪಾತ್ರೆಯ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯವರು ಕಿವಿ ನಿಮಿರಿಸಬೇಕು. ಪಶ್ಚಿಮ ಏಷ್ಯಾದಲ್ಲಿ ಹುಕ್ಕಾಕ್ಕೆ 'ನಾರ್ಗಿಲೆ' ಎನ್ನುತ್ತಾರಲ್ಲ, ಅದು ಪಾರಸಿಯ 'ನಾರ್ಗೀಲ್', ಅಂದರೆ ತೆಂಗಿನಕಾಯಿ. ಅದರ ಹಿಂದೆ ಇರುವುದು ಸಂಸ್ಕೃತದ ನಾರಿಕೇಲ. ಬಡವರ ಹುಕ್ಕಾದ ತಳ ತೆಂಗಿನ ಗರಟೆಯೇ: ಮೇಲೊಂದು ತೂತು ನಳಿಗೆಗೆ, ಪಕ್ಕಕ್ಕೊಂದು ತೂತು ಎಳೆಯಲು. ಶ್ರೀಮಂತರದ್ದು ಬಿದರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು ಬೆಳ್ಳಿ ತುಂಬಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪಾಗಿಸಿದ್ದು. ಬಿದರಿಯ ಹಳೆಯ ಹುಕ್ಕಾ ತಳಗಳು ಚೆಂಡಿನಂತೆ ಗುಂಡು, ನಿಲ್ಲಲು ಸಿಂಬಿ ಬೇಕು. ಹದಿನೆಂಟನೆಯ ಶತಮಾನ ಮುಂದುವರಿದ ಹಾಗೆ ಗಂಟೆಯಾಕಾರದ ಸಮತಳದವು ಬಂದವು. ಮೂಲದ 'ಬೇಸ್' ಎಂಬುದಕ್ಕೆ 'ತಳ' ಸಾಕು, 'ಆಧಾರಪಾತ್ರೆ' ಬೇಡ.

ಮೂರನೆಯದೇ ನಿಮ್ಮ ಬರಹದ ಮುಖ್ಯ ವಸ್ತು: ಬಟ್ಟಲೂ ದಂಟೂ ಇರುವ ಯುರೋಪಿನ ಪೈಪು. ಹಳೆಯ ಕನ್ನಡ ಬರಹದಲ್ಲಿ ಇದಕ್ಕೆ 'ಚುಂಗಾಣಿ' ಇದೆ, ತಮಿಳಿನ 'ಚುಂಗಾನ್' ಇದರ ನಂಟ. ನನಗೆ ಅದೇ ಇಷ್ಟ. ಆದರೆ ಇಂದಿನ ಓದುಗರಿಗೆ ಮೊದಲ ಸಲ 'ಚುಂಗಾಣಿ, ಅಂದರೆ ಸೇದುವ ಪೈಪು' ಎಂದು ಹೇಳಿ ಮುಂದೆ ಪೈಪು ಎಂದೇ ನಡೆಸಿದರೆ ತಪ್ಪಿಲ್ಲ.

ಈಗ 'ಸಮುದ್ರನೊರೆ'. ಜರ್ಮನಿನಲ್ಲಿ ಮೀರ್ ಎಂದರೆ ಸಮುದ್ರ, ಶಾಮ್ ಎಂದರೆ ನೊರೆ, ನಿಮ್ಮ ಲೆಕ್ಕ ಸರಿ. ಅನುವಾದ ಮಾತ್ರ ತಪ್ಪು. ಆಯುರ್ವೇದದಲ್ಲಿ ಸಮುದ್ರಫೇನ, ಸಮುದ್ರನೊರೆ ಎಂದರೆ ಬೇರೆಯೇ ವಸ್ತು: ಕಪ್ಪೆ ಬೊಂಡಾಸು (ಕಟಲ್‌ಫಿಶ್) ಎಂಬ ಕಡಲಜೀವಿಯ ಬೆನ್ನೊಳಗಿನ ಬಿಳಿ ಚಿಪ್ಪು. ನಿಮ್ಮ ಕಾರವಾರದ ಮರಳ ದಂಡೆಯಲ್ಲೇ ತೇಲಿ ಬಂದು ಬಿದ್ದಿರುತ್ತದೆ, ಉಗುರಿನಿಂದ ಕೆರೆದರೆ ಹುಡಿ ಉದುರುತ್ತದೆ. ಅದು ಸುಣ್ಣದ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಮೀರ್‌ಶಾಮ್ ನೆಲದಿಂದ ಅಗೆದು ತೆಗೆಯುವ ಖನಿಜ, ಸೆಪಿಯೊಲೈಟ್, ಮೆಗ್ನೀಸಿಯಂ ಸಿಲಿಕೇಟ್. ಹೆಸರಾದದ್ದು ಟರ್ಕಿಯ ಎಸ್ಕಿಶೆಹಿರ್‌ನದು. ಎರಡೂ ಬಿಳಿ, ಎರಡೂ ಹಗುರ, ಒಣಗಿದ್ದರೆ ಎರಡೂ ನೀರಲ್ಲಿ ತೇಲಬಲ್ಲವು. ಹಾಗಾಗಿಯೇ ಓದುಗ ಖಂಡಿತ ಮೋಸಹೋಗುತ್ತಾನೆ. 'ಮೀರ್‌ಶಾಮ್ ಕಲ್ಲು' ಎಂದು ಬರೆದು, ಹೆಸರಿನ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ನೆನೆಸಿದಾಗ ಚಾಕುವಿಗೆ ಬಗ್ಗುವಷ್ಟು ಮೆತ್ತಗಿದ್ದು ಒಣಗಿದರೆ ಗಟ್ಟಿಯಾಗುತ್ತದೆ. ಕೆತ್ತಿದ ಮೇಲೆ ಜೇನುಮೇಣದಲ್ಲಿ ಅದ್ದುತ್ತಾರೆ. ಸೇದಿದ ಹಾಗೆಲ್ಲ ಬಿಳಿಯಿಂದ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಯಿದ್ದಾಗ ಬಟ್ಟಲನ್ನು ಕೈಯಲ್ಲಿ ಹಿಡಿದರೆ ಮೇಣ ಕದಡಿ ಬೆರಳ ಕಲೆ ಉಳಿಯುತ್ತದೆ. ಇದು ಗೊತ್ತಿಲ್ಲದಿದ್ದರೆ ಮೂಲದ 'ಕಲರಿಂಗ್' ಎಂಬುದಕ್ಕೆ 'ಬಣ್ಣ ಬಳಿಯುವುದು' ಎಂದು ಬರೆದುಬಿಡುವ ಅಪಾಯವಿದೆ. ಅದು 'ಬಣ್ಣ ಏರುವುದು'.

ಬ್ರಾಯರ್‌ನಲ್ಲಿ ಮೋಸ ಇಂಗ್ಲಿಷಿನದೇ. ಮುಳ್ಳಿನ ಕಾಡುಗುಲಾಬಿಯಂಥ ಕಂಟಿಗೂ ಅದೇ ಹೆಸರು. ಆದರೆ ಪೈಪಿನ ಬ್ರಾಯರ್ ಫ್ರೆಂಚಿನ 'ಬ್ರುಯೇರ್' ಎಂಬುದರ ಅಪಭ್ರಂಶ. ಮೆಡಿಟರೇನಿಯನ್ ಸುತ್ತಿನ ಎರಿಕಾ ಆರ್ಬೋರಿಯಾ ಎಂಬ ಪೊದೆ ಅದು. ಮುಳ್ಳೇ ಇಲ್ಲ. ಪೈಪಿಗೆ ಬೇಕಾದದ್ದು ಕೊಂಬೆಯಲ್ಲ, ಬೇರೂ ಅಲ್ಲ, ಕಾಂಡ-ಬೇರು ಕೂಡುವಲ್ಲಿ ಮಣ್ಣೊಳಗೆ ಉಬ್ಬಿದ ಗಂಟು. ಆದ್ದರಿಂದ 'ಬ್ರಾಯರ್ ಗಂಟಿನ ಪೈಪು' ಎನ್ನಿ. ಕತ್ತರಿಸಿದ ತುಂಡನ್ನು ಗಂಟೆಗಟ್ಟಲೆ ಕುದಿಸಿ ಒಗರು ರಸ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಸೀಳುತ್ತದೆ. ಈ ಕಸುಬು ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನಲ್ಲಿ ಬೇರೂರಿತು. ಅದಕ್ಕೂ ಹಿಂದಿನ ಕಾಲದ ಪಾತ್ರದ ಕೈಯಲ್ಲಿ ಬಿಳಿ ಮಣ್ಣಿನ ಪೈಪು ಇರುವುದೇ ಹೆಚ್ಚು.

ಇತಿಹಾಸದ ಭಾಗದಲ್ಲಿ ಅಕ್ಬರನ ಆಸ್ಥಾನಕ್ಕೆ ತಂಬಾಕು 'ದಖ್ಖನ್ನಿನಿಂದ' ಬಂತು ಎಂದಷ್ಟೇ ಇದ್ದರೆ, 'ಬಿಜಾಪುರದಿಂದ' ಎಂದು ಬರೆಯಿರಿ. ಅಕ್ಬರನ ದೂತ ಅಸದ್ ಬೇಗ್ 1604-05ರ ಸುಮಾರಿಗೆ ಅಲ್ಲಿಂದ ಸೊಪ್ಪನ್ನು ಕೊಂಡೊಯ್ದ, ರತ್ನ ಕೂರಿಸಿದ ಪೈಪೊಂದನ್ನೂ ಸಿದ್ಧಮಾಡಿಸಿದ. ಅದರ ದಂಟು ಮೂರು ಮೊಳ, ಬಾಯಿತುದಿ ಯೆಮನ್ನಿನ ಅಕೀಕು ಕಲ್ಲಿನದು. ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ.
(ಸಿರ್ಸಿಯಿಂದ)

ಮಾಸ್ತರರೇ, ಉಪಕಾರವಾಯಿತು. ಒಂದು ಉಳಿಯಿತು. ಪೈಪಿನ ಒಳಗೆ ಕಟ್ಟುವ ಕರಿಗೆ ಇಂಗ್ಲಿಷಿನಲ್ಲಿ 'ಕೇಕ್' ಎಂದಿದೆ. 'ಮಸಿ' ಎನ್ನಲೇ?
(ಕಾರವಾರದಿಂದ)

ಮಸಿ ಎಂದರೆ ಕೈಗೆ ಹತ್ತುವುದು, ಒರೆಸಿದರೆ ಹೋಗುವುದು. ಇದು ಬಟ್ಟಲಿನ ಒಳಗೋಡೆಗೆ ಅಂಟಿ ಗಟ್ಟಿಯಾದ ಇದ್ದಿಲು. 'ಕರಿಹಕ್ಕಳೆ' ಎನ್ನಬಹುದು, ಗಾಯದ ಮೇಲಿನ ಹಕ್ಕಳೆಯ ಹಾಗೆ ಪದರವಾಗಿ ಕಟ್ಟುತ್ತದೆ. ಬ್ರಾಯರ್‌ನಲ್ಲಿ ಇದು ಒಂದು ಮಿಲಿಮೀಟರಿನಷ್ಟು ಇರಲೇಬೇಕು, ಮರ ಸುಡದಂತೆ ಕಾಯುತ್ತದೆ. ದಪ್ಪವಾದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಒಡೆಯುತ್ತದೆ, ಆಗ ಕೆರೆದು ತೆಗೆಯುತ್ತಾರೆ. ಮೀರ್‌ಶಾಮ್‌ಗೆ ಹಕ್ಕಳೆ ಕಟ್ಟಲು ಬಿಡುವುದೇ ಇಲ್ಲ. ಮೂಲದಲ್ಲಿ ಎರಡನ್ನೂ ಒಟ್ಟಿಗೆ ಹೇಳಿದ್ದರೆ ಯಾವ ಮಾತು ಯಾವುದಕ್ಕೆ ಎಂದು ನೋಡಿಕೊಂಡು ವಾಕ್ಯ ಒಡೆಯಿರಿ.