ಬಿರುಗಾಳಿಗೆ ಮೂಲೆ ಶೀಟುಗಳು ಹಾರಿದವು, ಇನ್ಶೂರೆನ್ಸಿನವರು 'ಸವಕಳಿ' ಅನ್ನುತ್ತಿದ್ದಾರೆ, ಏನು ಮಾಡಲಿ?

ಕಡಲಂಚಿನ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಡಲಿಗೆ ತೀರಾ ಹತ್ತಿರ, ಮೇಲೆ ತಗಡಿನ ಶೀಟಿನ ಮಾಡು. ಹೋದ ತಿಂಗಳ ಬಿರುಗಾಳಿಗೆ ಕಡಲ ಕಡೆಯ ಮೂಲೆಯಲ್ಲಿ ಮೂರು ಶೀಟು ಕಿತ್ತುಕೊಂಡು ಹೋದವು. ನಾಲ್ಕನೆಯದು ಅರ್ಧ ಎದ್ದು ರಾತ್ರಿಯಿಡೀ ಪಟಪಟ ಬಡಿಯುತ್ತಿತ್ತು, ಆ ಸದ್ದು ಇನ್ನೂ ಕಿವಿಯಲ್ಲಿದೆ. ಮಳೆ ನೀರು ಒಳಗೆ ಸುರಿದು ಸೀಲಿಂಗ್, ಹಾಸಿಗೆ, ಒಂದು ಕೋಣೆಯ ವೈರಿಂಗ್ ಎಲ್ಲ ಹಾಳು. ವಿಚಿತ್ರ ಅಂದ್ರೆ ನಡುವಿನ ಶೀಟುಗಳಿಗೆ ಏನೂ ಆಗಿಲ್ಲ. ಎಲ್ಲವೂ ಒಂದೇ ದಿನ ಹಾಕಿಸಿದ್ದು, ಸ್ಕ್ರೂ ಕೂಡ ಒಂದೇ ಥರದ್ದು.

ಸರ್ವೇಯರ್ ಬಂದರು. ಕೆಳಗೆ ಬಿದ್ದಿದ್ದ ಒಂದು ಸ್ಕ್ರೂ ಎತ್ತಿ, ಅಂಗೈ ಮೇಲೆ ಇಟ್ಟು ಫೋಟೋ ತೆಗೆದುಕೊಂಡು ಹೋದರು. ಈಗ ಪತ್ರ ಬಂದಿದೆ: ತುಕ್ಕು ಮತ್ತು ಸವಕಳಿಯಿಂದಲೂ ನಷ್ಟ ಆಗಿದೆ, ಅದಕ್ಕೆ ಕಡಿತ, ಜೊತೆಗೆ ಪಾಲಿಸಿ ಮೊತ್ತ ಕಡಿಮೆ ಇದೆ, ಅದಕ್ಕೂ ಕಡಿತ. ನಾನು ಪ್ರತಿ ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದೇನೆ. ಇದು ಸರಿನಾ? ರಿಪೇರಿ ಬರೀ ಮೂಲೆಗೆ ಮಾಡಿಸಿದರೆ ಸಾಕಾ, ಅಥವಾ ಇಡೀ ಮಾಡಿಗೆ ಕೈ ಹಾಕಬೇಕಾ? ಸದ್ಯಕ್ಕೆ ಟಾರ್ಪಲ್ ಹೊದಿಸಿದ್ದೇನೆ. ಎರಡು ಸಲ ಹಾರಿ ಹೋಗಿದೆ.

ಮಾಡಿನ ಕೆಲಸದವನು:
ಮೊದಲು ಮೂಲೆ ಯಾಕೆ ಹೋಯಿತು ಅಂತ ಹೇಳುತ್ತೇನೆ, ರಿಪೇರಿಯ ಉತ್ತರ ಅದರಲ್ಲೇ ಇದೆ. ಗಾಳಿ ಮಾಡನ್ನು ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದು ಜಾಸ್ತಿ. ಅಂಚಿಗೆ ಬಡಿದ ಗಾಳಿ ಹಾರಿಕೊಂಡು ಮೇಲೆ ಹೋಗುತ್ತದೆ, ಅದರ ಬೆನ್ನಿಗೇ ಶೀಟಿನ ಮೇಲೆ ಒಂದು ಹೀರುವ ಜಾಗ ಹುಟ್ಟುತ್ತದೆ. ಈ ಎಳೆತ ಮೂಲೆಯಲ್ಲಿ ಎಲ್ಲಕ್ಕಿಂತ ಜೋರು, ಆಮೇಲೆ ಅಂಚು ಮತ್ತು ನೆತ್ತಿ, ನಡುವೆ ತುಂಬಾ ಕಡಿಮೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಸ್ಕ್ರೂ ಹೊಡೆದವನು ನಡುವೆ ಬೇಕಾದ್ದಕ್ಕಿಂತ ಹೆಚ್ಚು, ಮೂಲೆಯಲ್ಲಿ ಬೇಕಾದ್ದಕ್ಕಿಂತ ಕಡಿಮೆ ಹೊಡೆದಿದ್ದಾನೆ ಅಂತ ಅರ್ಥ. ಹತ್ತು ಮನೆಯಲ್ಲಿ ಎಂಟು ಮನೆ ಹೀಗೇ ಇರುತ್ತವೆ, ನಾನೂ ಶುರುವಿನಲ್ಲಿ ಹಾಗೇ ಹೊಡೆಯುತ್ತಿದ್ದೆ.

ಒಂದು ಮಾತು ಕೇಳಬೇಕು, ಆ ರಾತ್ರಿ ಕಡಲ ಕಡೆಯ ಕಿಟಕಿನೋ ಬಾಗಿಲೋ ತೆರೆದುಕೊಂಡಿತ್ತಾ? ಗಾಳಿ ಒಳಗೆ ನುಗ್ಗಿದರೆ ಕೆಳಗಿನಿಂದಲೂ ಮಾಡನ್ನು ನೂಕುತ್ತದೆ, ಮೇಲಿನಿಂದ ಎಳೆತ ಇದ್ದೇ ಇದೆ. ಬಿರುಗಾಳಿಗೆ ಕಿಟಕಿ ತೆರೆದಿಡಬೇಕು ಅಂತ ಕೆಲವರು ಹೇಳುತ್ತಾರಲ್ಲ, ಅದನ್ನು ನಂಬಬೇಡಿ.

ರಿಪೇರಿಗೆ ಬರೀ ಮೂಲೆ ಸಾಕಾಗುವುದಿಲ್ಲ, ಆದರೆ ಇಡೀ ಮಾಡು ಬಿಚ್ಚಬೇಕಾಗಿಯೂ ಇಲ್ಲ. ಸುತ್ತ ಅಂಚಿನ ಸ್ಕ್ರೂ ಎಲ್ಲ ತೆಗೆಸಿ ಹೊಸದು ಹಾಕಿಸಿ, ಹತ್ತಿರ ಹತ್ತಿರ. ಹಳೇ ತೂತಿಗೆ ಅದೇ ಗಾತ್ರದ ಸ್ಕ್ರೂ ಹಾಕಿದರೆ ಹಿಡಿಯುವುದಿಲ್ಲ, ಒಂದು ನಂಬರ್ ದಪ್ಪದ್ದು ಬೇಕು. ರಬ್ಬರ್ ವಾಷರ್ ಶೀಟಿಗೆ ಅಂಟಿ ಕೂರುವಷ್ಟು ಬಿಗಿ ಸಾಕು. ಡ್ರಿಲ್ ಕೈಯಲ್ಲಿದೆ ಅಂತ ಸುಮ್ನೆ ತಿರುಗಿಸುತ್ತಾ ಹೋದರೆ ರಬ್ಬರ್ ಹೊರಗೆ ಉಬ್ಬಿ ಎರಡು ಬೇಸಿಗೆಯಲ್ಲಿ ಸೀಳುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಆಮೇಲೆ ಕೆಳಗಿನದ್ದು. ಶೀಟನ್ನು ಅದರ ಅಡಿಯ ಅಡ್ಡಪಟ್ಟಿ, ಅಂದರೆ ರೀಪು ಹಿಡಿಯಬೇಕು, ರೀಪನ್ನು ಅದರ ಕೆಳಗಿನ ಇಳಿಜಾರು ತೊಲೆ, ಅಂದರೆ ಪಕ್ಕಾಸು ಹಿಡಿಯಬೇಕು, ಪಕ್ಕಾಸನ್ನು ಗೋಡೆ ಹಿಡಿಯಬೇಕು. ಶೀಟಿಗೆ ಒಳ್ಳೇ ಸ್ಕ್ರೂ ಹಾಕಿ ರೀಪನ್ನು ಎರಡು ಮೊಳೆಯಲ್ಲಿ ನಿಲ್ಲಿಸಿದರೆ ಮುಂದಿನ ಸಲ ರೀಪು ಸಮೇತ ಹಾರುತ್ತದೆ. ಪಕ್ಕಾಸು ಗೋಡೆ ಸೇರುವಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಕಟ್ಟಿಸಿ. ಸಣ್ಣ ಕೆಲಸ, ಆದರೆ ಮನೆ ಉಳಿಸುವುದು ಅದೇ.

ಹಳೇ ಕಡತ (ಮೊದಲು ಸರ್ವೇ ಕೆಲಸದಲ್ಲಿದ್ದೆ):
ಆ ಸ್ಕ್ರೂ ಫೋಟೋ ನಾನಾದರೂ ತೆಗೆಯುತ್ತಿದ್ದೆ, ಬೇಜಾರು ಮಾಡಿಕೊಳ್ಳಬೇಡಿ. ಪಾಲಿಸಿ ಇರುವುದು ಇದ್ದಕ್ಕಿದ್ದಂತೆ ಆಗುವ ನಷ್ಟಕ್ಕೆ. ನಿಧಾನಕ್ಕೆ ಆಗುವ ತುಕ್ಕು, ಸೋರಿಕೆ, ಗೆದ್ದಲು ಸಾಮಾನ್ಯವಾಗಿ ಹೊರಗೆ. ಹಾಗಂತ ತುಕ್ಕು ಕಂಡ ಕೂಡಲೇ ಎಷ್ಟು ಬೇಕಾದರೂ ಕತ್ತರಿಸಬಹುದು ಅಂತಲ್ಲ. ಯಾವ ಷರತ್ತಿನ ಕೆಳಗೆ, ಯಾವ ಲೆಕ್ಕದಲ್ಲಿ ಕಡಿತ ಮಾಡಿದ್ದೀರಿ ಅಂತ ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ನಿಮ್ಮ ಕಡೆಯಿಂದ ಆ ದಿನದ ಗಾಳಿಯ ವೇಗದ ಹವಾಮಾನ ದಾಖಲೆ, ಅಕ್ಕಪಕ್ಕದ ಮನೆಗಳಿಗೆ ಆದ ಹಾನಿಯ ಫೋಟೋ, ಹಿಂದೆ ಮಾಡಿನ ಕೆಲಸ ಮಾಡಿಸಿದ ಬಿಲ್ಲು ಕೊಡಿ. ಮದುವೆ, ಹುಟ್ಟುಹಬ್ಬದ ಫೋಟೋ ಹಿಂದೆ ಮಾಡು ಕಾಣಿಸುತ್ತಿದ್ದರೆ ಅದೂ ಸಾಕ್ಷಿಯೇ. ಬಹಳ ಜನ ಇದನ್ನು ಮರೆತುಬಿಡುತ್ತಾರೆ.

ಎರಡನೇ ಕಡಿತ ಹೆಚ್ಚು ನೋವಿನದ್ದು, ಯಾಕಂದ್ರೆ ಅದು ಬಹುಮಟ್ಟಿಗೆ ಲೆಕ್ಕ. ಮನೆ ಮತ್ತೆ ಕಟ್ಟಲು 100 ಬೇಕು ಅಂದುಕೊಳ್ಳಿ, ನೀವು ಪ್ರೀಮಿಯಂ ಉಳಿಸಲು 60ಕ್ಕೆ ಮಾತ್ರ ಪಾಲಿಸಿ ಮಾಡಿಸಿದ್ದೀರಿ. 40 ನಷ್ಟವಾದರೆ '60 ಇದೆಯಲ್ಲ, 40 ಪೂರ್ತಿ ಬರುತ್ತೆ' ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಪಾಲಿಸಿ ಮೊತ್ತ ಎಷ್ಟು ಪಾಲು ಇದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುತ್ತೇವೆ ಅನ್ನುವ ಷರತ್ತು ಇದ್ದರೆ ಬರುವುದು 24, ಅಂದರೆ 40ರಲ್ಲಿ ನೂರಕ್ಕೆ 60. ಆದ್ದರಿಂದ ಮೊತ್ತ ಹಾಕುವಾಗ ಜಾಗದ ಬೆಲೆ ಬಿಟ್ಟು, ಇವತ್ತು ಕಟ್ಟಿದರೆ ಎಷ್ಟಾಗುತ್ತದೆ ಅನ್ನುವುದನ್ನು ಹಾಕಬೇಕು. ಆದರೆ ಅವರು ಹಿಡಿದಿರುವ ಆ 100 ಸರಿಯಾ ಅಂತ ಪ್ರಶ್ನಿಸಬಹುದು. ಕಟ್ಟಡದ ಅಳತೆ ಜಾಸ್ತಿ ತೋರಿಸಿದ ವರದಿಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು, ನಿಮ್ಮ ಪಾಲಿಸಿ ಹಳೇ ಶೀಟಿಗೆ ಹೊಸ ಶೀಟಿನ ಬೆಲೆ ಕೊಡುವುದಾ, ಅಥವಾ ವರ್ಷದ ಲೆಕ್ಕದಲ್ಲಿ ಕಳೆದು ಕೊಡುವುದಾ ನೋಡಿ. ಹೊಸದರ ಬೆಲೆ ಅಂತಿದ್ದರೆ ಶೀಟಿನ ವಯಸ್ಸಿಗೆ ಅಂತ ಬೇರೆ ಕಡಿತ ಯಾಕೆ ಅಂತ ಕೇಳಬಹುದು. ಗಾಳಿಗೆ ತೆರೆದುಕೊಂಡ ಜಾಗದಿಂದ ಬಂದ ಮಳೆ ನೀರಿನ ಹಾನಿ ಸಾಮಾನ್ಯವಾಗಿ ಸೇರುತ್ತದೆ, ಹಾಗಾಗಿ ಸೀಲಿಂಗು ಮತ್ತು ವೈರಿಂಗ್ ಬಿಡಬೇಡಿ. ಹಾಸಿಗೆ ಮಾತ್ರ ಮನೆ ಸಾಮಾನಿಗೂ ಪಾಲಿಸಿ ಇದ್ದರೆ.

ಎರಡು ಮಳೆ ಕಂಡವಳು:
ಟಾರ್ಪಲ್ ಬಗ್ಗೆ ಯಾರೂ ಹೇಳಲಿಲ್ಲ. ನೀವು ಕಲ್ಲು ಇಟ್ಟಿದ್ದೀರಿ ಅಲ್ವಾ? ಕಲ್ಲಿಗೆ ನಿಲ್ಲುವುದಿಲ್ಲ, ಮೇಲಿಂದ ಕಲ್ಲೇ ತಲೆ ಮೇಲೆ ಬೀಳುತ್ತದೆ. ಟಾರ್ಪಲಿನ ಮೇಲಿನ ತುದಿ ನೆತ್ತಿ ದಾಟಿ ಆ ಕಡೆ ಇಳಿಯಬೇಕು, ಇಲ್ಲದಿದ್ದರೆ ನೀರು ಅದರ ಅಡಿಗೇ ನುಗ್ಗುತ್ತದೆ. ಅಂಚನ್ನು ಮರದ ಪಟ್ಟಿಗೆ ಎರಡು ಸುತ್ತು ಸುತ್ತಿ, ಪಟ್ಟಿಯನ್ನು ರೀಪಿಗೆ ಹೊಡೆಸಿ. ಬರೀ ಹಗ್ಗ ಕಟ್ಟಿದರೆ ಕಣ್ಣಿ ಹರಿದುಕೊಂಡು ಹೋಗುತ್ತದೆ. ಒದ್ದೆ ಶೀಟಿನ ಮೇಲೆ ನೀವೇ ಹತ್ತಬೇಡಿ ದಯವಿಟ್ಟು. ನಮ್ಮ ಮನೆಯವರು ಹತ್ತಿ ಜಾರಿ ಮೂರು ತಿಂಗಳು ಮಲಗಿದ್ದರು, ಮಾಡಿಗಿಂತ ಅವರ ಕಾಲಿನ ರಿಪೇರಿಯೇ ದುಬಾರಿ ಆಯಿತು.

ಟಾರ್ಪಲ್, ಕೂಲಿ, ಪಟ್ಟಿ ಎಲ್ಲದರ ಬಿಲ್ಲು ಇಟ್ಟುಕೊಳ್ಳಿ. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ, ಆ ಖರ್ಚನ್ನೂ ಕ್ಲೇಮಿನಲ್ಲಿ ಕೇಳಿ. ಮುರಿದ ಶೀಟನ್ನು ವಿಷಯ ಮುಗಿಯುವ ತನಕ ಗುಜರಿಗೆ ಹಾಕಬೇಡಿ. ಬಿರುಗಾಳಿ ಆದ ಮೇಲೆ ಮನೆ ಬಾಗಿಲಿಗೆ ಬಂದು 'ಕ್ಲೇಮ್ ನಾವೇ ನೋಡಿಕೊಳ್ಳುತ್ತೇವೆ, ಇಲ್ಲಿ ಸಹಿ ಹಾಕಿ, ಅಡ್ವಾನ್ಸ್ ಕೊಡಿ' ಅನ್ನುವವರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಸಹಿ ಮಾತ್ರ ಬೇಡ.

ಕಡಲಂಚಿನ ಮನೆ:
ಎಲ್ಲರಿಗೂ ಥ್ಯಾಂಕ್ಸ್. ಕಲ್ಲೇ ಇಟ್ಟಿದ್ದೆ, ಇವತ್ತು ತೆಗೆಸಿದೆ. ಹೌದು, ಕಡಲ ಕಡೆಯ ಬಾಗಿಲಿನ ಚಿಲಕ ಅವತ್ತು ಗಾಳಿಗೆ ಮುರಿದಿತ್ತು, ಅದಕ್ಕೂ ಮಾಡಿಗೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಎರಡು ಸ್ಕ್ರೂ ಬಿಚ್ಚಿ ತಂದು ತೋರಿಸಿದರು. ನಡುವಿನದ್ದು ತಲೆ ಸ್ವಲ್ಪ ಮಂಕಾಗಿದೆ ಅಷ್ಟೇ, ಎಳೆ ಇನ್ನೂ ಚೂಪಾಗಿದೆ. ಮೂಲೆಯದ್ದು ಮೇಲಿನಿಂದ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಆದರೆ ವಾಷರಿನ ಕೆಳಗೆ ಕುತ್ತಿಗೆ ತಿಂದುಹೋಗಿ ಪೆನ್ಸಿಲ್ ಕಡ್ಡಿಯಷ್ಟಾಗಿದೆ. ಉಗುರಲ್ಲಿ ಕೆರೆದರೆ ಪದರ ಪದರ ಬರುತ್ತದೆ. ಒಂದೇ ದಿನ ಹಾಕಿದ್ದು, ಇಷ್ಟು ವ್ಯತ್ಯಾಸ ಹೇಗೆ?

ಮಾಡಿನ ಕೆಲಸದವನು:
ಸೂರಿನ ಅಡಿ ಮಳೆ ಬೀಳುವುದಿಲ್ಲ. ಮೇಲಿನ ಉಪ್ಪನ್ನು ಮಳೆಯೇ ತೊಳೆದುಕೊಂಡು ಹೋಗುತ್ತದೆ, ಅಡಿಯಲ್ಲಿ ಕೂತದ್ದು ಕೂತೇ ಇರುತ್ತದೆ, ಗಾಳಿಯ ತೇವ ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ಅದಕ್ಕೇ ಅಂಚಿನ ಸ್ಕ್ರೂ ಮೊದಲು ಸಾಯುವುದು. ಆಗಾಗ ಸೂರಿನ ಅಡಿಗೆ ಪೈಪಿನಲ್ಲಿ ಸಿಹಿನೀರು ಹೊಡೆಯಿರಿ. ಹೊಸ ಸ್ಕ್ರೂ ತರುವಾಗ ನಿಮ್ಮ ಶೀಟು ಯಾವ ಲೋಹದ್ದು ಅಂತ ಅಂಗಡಿಯಲ್ಲಿ ಹೇಳಿ ಅದಕ್ಕೆ ಒಗ್ಗುವುದನ್ನೇ ಕೇಳಿ, ಉಪ್ಪುಗಾಳಿಯಲ್ಲಿ ಎರಡು ಬೇರೆ ಲೋಹ ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಹಳೇ ಕಡತ:
ಆ ಚಿಲಕ ಮುರಿದ ಬಾಗಿಲಿನ ಫೋಟೋ ಇದೆಯಾ? ಇದ್ದರೆ ಮೇಲ್ಮನವಿಗೆ ಅದನ್ನೇ ಮೊದಲು ಲಗತ್ತಿಸಿ. ಗಾಳಿ ಎಷ್ಟು ಜೋರಿತ್ತು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಮೇಸ್ತ್ರಿ ತೋರಿಸಿದ ನಡುವಿನ ಸ್ಕ್ರೂ ಕೂಡ ಒಂದು ಕವರಿನಲ್ಲಿ ಹಾಕಿಡಿ, ಇಡೀ ಮಾಡಿಗೆ ತುಕ್ಕು ಹಿಡಿದಿತ್ತು ಅಂತ ಅವರು ಬರೆದಿದ್ದರೆ ಬೇಕಾಗುತ್ತದೆ.

ಕಡಲಂಚಿನ ಮನೆ:
ಫೋಟೋ ಇದೆ. ಮಗಳು ಅವತ್ತು ರಾತ್ರಿ ಬಾಗಿಲಿಗೆ ಮೇಜು ಒತ್ತಿ ಹಿಡಿದಿದ್ದ ನನ್ನನ್ನು ತಮಾಷೆಗೆ ತೆಗೆದಿದ್ದಳು. ನಾಳೆ ಕಳಿಸುತ್ತೇನೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.