ಫೋನಿನಲ್ಲಿ ಬಂದ ವೈದ್ಯರ ಆದೇಶವನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ವೃದ್ಧಾಶ್ರಮವೊಂದರಲ್ಲಿ ನಾನು ಶುಶ್ರೂಷಕಿ. ಜಡಿಮಳೆಯ ರಾತ್ರಿ ಸಿಗ್ನಲ್ ಕಡಿದು ಕಡಿದು ಬರುತ್ತಿದ್ದಾಗ, ವೈದ್ಯರು ಹೇಳಿದ ಇನ್ಸುಲಿನ್ ಪ್ರಮಾಣ ಆರೋ ಹದಿನಾರೋ ತಿಳಿಯದೆ ಮತ್ತೆ ಕರೆ ಮಾಡಬೇಕಾಯಿತು. ಇಂಥ ಆದೇಶವನ್ನು ಹೇಗೆ ಬರೆದಿಡಬೇಕು?

ಉತ್ತರ 1: ಮತ್ತೆ ಕರೆ ಮಾಡಿದ್ದೇ ಸರಿ. ಕೇಳುತ್ತಲೇ ಬರೆದುಕೊಂಡು, ರೋಗಿಯ ಹೆಸರು, ಔಷಧ, ಪ್ರಮಾಣ, ವೇಳೆಗಳನ್ನು ವೈದ್ಯರಿಗೇ ಓದಿ ಹೇಳಿ, ‘ಒಂದು, ಆರು’ ಎಂದು ಅಂಕೆಗಳನ್ನು ಬಿಡಿಸಿ ಉಚ್ಚರಿಸಿ ಒಪ್ಪಿಗೆ ಪಡೆಯಬೇಕು. ‘ಯೂನಿಟ್’ ಎಂದು ಪೂರ್ಣವಾಗಿ ಬರೆಯಿರಿ. ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 6 ಎಂಬುದು 60 ಆದೀತು. ಆಮೇಲೆ ವೈದ್ಯರ ಸಹಿಯನ್ನು ತಪ್ಪದೆ ಪಡೆಯಿರಿ.

ಉತ್ತರ 2: ಕೊಡುವ ಮೊದಲೇ ‘ಕೊಟ್ಟಿದೆ’ ಎಂದು ಬರೆಯುವ ರೂಢಿಯನ್ನು ದಯವಿಟ್ಟು ಬಿಡಿ. ಅಜ್ಜಿ ಗಂಜಿಯ ಬಟ್ಟಲನ್ನು ಮುಟ್ಟದೆ ಸರಿಸಿದ್ದರೆ, ಇನ್ಸುಲಿನ್ ಕೊಡುವ ಮುನ್ನ ವೈದ್ಯರನ್ನು ಕೇಳಿ, ಆ ಮಾತನ್ನೂ ವೇಳೆಸಹಿತ ದಾಖಲಿಸಬೇಕು.

ಉತ್ತರ 3: ತಪ್ಪಿಗೆ ವೈಟ್‌ನರ್ ಹಚ್ಚಬಾರದು, ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ, ದಿನಾಂಕ ಹಾಕಿ.