ದುಡ್ಡು ಕಟ್ಟಿದರೂ ತಂಬೂರಿ ಸೊರ್ ಅನ್ನುತ್ತದೆ. ಯಾವ ಆ್ಯಪ್‌ಗೆ ಹೋಗಲಿ?

ತಂಬೂರಿ_ತಂತಿ:
ಸಾಕಾಗಿ ಹೋಗಿದೆ. ಹಾಡು ಕೇಳುವ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ, ಕ್ವಾಲಿಟಿ ಎಲ್ಲಕ್ಕಿಂತ ಮೇಲಿನದ್ದೇ ಇಟ್ಟಿದ್ದೇನೆ. ಆದರೂ ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ತಂಬೂರಿ ನಲ್ಲಿ ಸೋರಿದ ಹಾಗೆ ಕೇಳುತ್ತದೆ. ತಬಲಾದ ಡಗ್ಗಾ (ಎಡಗೈಯ ದಪ್ಪ ಸದ್ದಿನದ್ದು) ಇದೆಯೋ ಇಲ್ಲವೋ ಗೊತ್ತಾಗಲ್ಲ. ಸಾಲದ್ದಕ್ಕೆ, ರಾಗ ಮುಗಿದ ತಕ್ಷಣ ಅದಾಗಿಯೇ ಶುರುವಾಗುವುದು ಮದುವೆ ಡಿಜೆ ಹಾಡು! ಸೌಂಡೂ ಚೆನ್ನಾಗಿರಬೇಕು, ಹೊಸ ಗಾಯಕರೂ ಸಿಗಬೇಕು. ಯಾವುದು ತಗೊಳ್ಳಲಿ?

ಹಳೇ_ಡೆಕ್:
ನಿಮ್ಮ ಆ್ಯಪಲ್ಲಿ ಲಾಸ್‌ಲೆಸ್ (ಸದ್ದಿನಲ್ಲಿ ಏನೂ ಕಳೆಯದೆ ಕಳಿಸುವುದು) ಇಲ್ಲ, ಅದಕ್ಕೇ. ಆ್ಯಪಲ್ ಮ್ಯೂಸಿಕ್ 2021ರಿಂದ ಕೊಡುತ್ತಿದೆ, ಬೇರೆ ಕಾಸಿಲ್ಲ. ಸದ್ದಿನ ವಿವರ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ. ಆಂಡ್ರಾಯ್ಡ್‌ನಲ್ಲೂ ಸಿಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಜೊತೆಗೊಂದು ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಡಬ್ಬಿ) ತಗೊಳ್ಳಿ, ಮುಗೀತು.

ಮಲೆನಾಡ_ಮೊನೊ:
ತಡೀರಿ ಸರ್. ಹೆಡ್‌ಫೋನ್ ವೈರಿನದ್ದೋ, ಬ್ಲೂಟೂತೋ? ಬ್ಲೂಟೂತ್ ಆದರೆ 192 ಕಟ್ಟಿಕೊಂಡು ಏನು ಮಾಡ್ತಾರೆ? ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುವ ಮಾಮೂಲಿ ವಿಧಾನ ಎಸ್‌ಬಿಸಿ, ಸಾಮಾನ್ಯವಾಗಿ 328 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್). ಅದಕ್ಕಿಂತ ಮೇಲಿನ ಎಲ್‌ಡ್ಯಾಕ್ ಎಳೆದಾಡಿದರೂ 990. ಸಿಡಿಯದ್ದೇ 1411. ಸಂಪ್ ತುಂಬ ನೀರಿದ್ದರೂ ಅರ್ಧ ಇಂಚಿನ ಪೈಪಲ್ಲಿ ಬರೋದು ಅಷ್ಟೇ.

ಹಳೇ_ಡೆಕ್:
320 ಕೆಬಿಪಿಎಸ್‌ಗೆ ಕುಗ್ಗಿಸಿದ್ದಕ್ಕೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸ ನನಗೆ ಪಕ್ಕದ ರೂಮಿನಿಂದಲೇ ಗೊತ್ತಾಗುತ್ತದೆ.

ಮಲೆನಾಡ_ಮೊನೊ:
ಹಾಗಾದರೆ ಮನೆಯವರ ಕೈಲಿ ಗುಟ್ಟಾಗಿ ಬದಲಾಯಿಸಿ ಹಾಕಿಸಿ. ಹತ್ತಕ್ಕೆ ಎಷ್ಟು ಸರಿ ಹೇಳಿದಿರಿ ಅಂತ ಇಲ್ಲಿ ಹಾಕಿ. ವಾಲ್ಯೂಮ್ ಎರಡಕ್ಕೂ ಸಮ ಇರಲಿ. ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ.

ಹಳೇ_ಡೆಕ್:
ನನ್ನ ಆಂಪ್ಲಿಫೈಯರ್ ಭಾವ ದುಬೈನಿಂದ ತಂದದ್ದು. ಮೂವತ್ತು ವರ್ಷ ಆಯಿತು, ಒಂದು ಕೆಪಾಸಿಟರ್ ಬದಲಾಯಿಸಿಲ್ಲ. ಅದರಲ್ಲಿ ಕೇಳಿ ಆಮೇಲೆ ಮಾತಾಡಿ.

ಶಿರಸಿ_ಸ್ಪೀಕರ್:
ಫೋಟೋ ಹಾಕಿ ಸರ್! ನಂದು ತೇಗದ ಡಬ್ಬ, ನಾನೇ ಮಾಡಿಸಿದ್ದು. ಮಳೆಗಾಲದಲ್ಲಿ ಬೂಷ್ಟು ಬರುತ್ತೆ, ಅದೊಂದೇ ಗೋಳು. ಅಂದ ಹಾಗೆ, ಮನ್ಸೂರರ ಹಳೇ ರೆಕಾರ್ಡಿಂಗ್ ಮೂಲದಲ್ಲೇ ಹಾಗಿದ್ದರೆ ಯಾವ ಆ್ಯಪ್ ಆದರೂ ಅಷ್ಟೇ ಅಲ್ವಾ?

ತಂಬೂರಿ_ತಂತಿ:
ಬ್ಲೂಟೂತೇ. ಅದನ್ನೂ ಹೇಳಬೇಕಿತ್ತಾ? ರೆಕಾರ್ಡಿಂಗ್ ದೋಷ ಅಲ್ಲ. ರಾತ್ರಿ ವಾಕಿಂಗ್ ಹೋಗುವಾಗ ಫೋನಲ್ಲಿ ಅದೇ ರಾಗ ಚೆನ್ನಾಗಿಯೇ ಕೇಳುತ್ತದೆ. ಹಗಲು ಆಫೀಸ್ ಲ್ಯಾಪ್‌ಟಾಪಲ್ಲಿ ಮಾತ್ರ ಈ ಅವಸ್ಥೆ.

ಮಲೆನಾಡ_ಮೊನೊ:
ಲ್ಯಾಪ್‌ಟಾಪ್ ಅಂತ ಈಗ ಹೇಳ್ತಿದ್ದೀರಾ! ಮೀಟಿಂಗ್ ಆ್ಯಪ್ ತೆರೆದೇ ಇರುತ್ತದಾ? ಅದು ಹೆಡ್‌ಫೋನಿನ ಮೈಕ್ ಹಿಡಿದುಕೊಂಡರೆ ಬ್ಲೂಟೂತ್ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಎರಡು ಕಿವಿಗೂ ಒಂದೇ ಮೊನೊ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನೋದು) 8 ಅಥವಾ 16 ಕಿಲೋಹರ್ಟ್ಸ್. ಅದರ ಅರ್ಧದವರೆಗಿನ ಸದ್ದು ಮಾತ್ರ ಉಳಿಯುತ್ತದೆ, ಅಂದರೆ 16 ಅಂದರೂ 8 ಕಿಲೋಹರ್ಟ್ಸ್‌ನ ಮೇಲಿನದ್ದೆಲ್ಲ ಕಟ್. ತಂಬೂರಿಯ ಝೇಂಕಾರ ಎಲ್ಲಿ ಉಳಿಯುತ್ತೆ? ಮೀಟಿಂಗ್ ಆ್ಯಪಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದೇ ಆರಿಸಿ.

ತಂಬೂರಿ_ತಂತಿ:
ಮಾಡಿದೆ. ಟಪ್ ಅಂತ ಒಂದು ಸದ್ದು, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಡಗ್ಗಾ ಗುಂ ಅಂತ ಎಡಗಿವಿಗೆ ಬಂತು. ಆರು ತಿಂಗಳು ಸುಮ್ನೆ ಆ್ಯಪನ್ನು ಬೈದೆ. ಮದುವೆ ಡಿಜೆಗೆ ಏನು ಮಾಡೋದು?

ಶಿರಸಿ_ಸ್ಪೀಕರ್:
ಅಕೌಂಟ್ ಬೇರೆ ಯಾರಾದರೂ ಬಳಸ್ತಾರಾ?

ತಂಬೂರಿ_ತಂತಿ:
ಮಗಳು. ಡ್ಯಾನ್ಸ್ ಪ್ರಾಕ್ಟೀಸ್‌ಗೆ.

ಶಿರಸಿ_ಸ್ಪೀಕರ್:
ಸಿಕ್ಕಿತಲ್ಲ ಕಾರಣ. ಫ್ಯಾಮಿಲಿ ಪ್ಲಾನ್ ತಗೊಂಡು ಮಗಳಿಗೆ ಬೇರೆ ಲಾಗಿನ್ ಮಾಡಿ. ನಾನಂತೂ ಆ್ಯಪ್ ನಂಬಲ್ಲ, ಗುರುಗಳ ಸಾಲು ಹಿಡಿದು ಹುಡುಕುತ್ತೇನೆ. ಮನ್ಸೂರರು ಕಲಿತದ್ದು ಮಂಜಿ ಖಾನ್, ಬುರ್ಜಿ ಖಾನ್ ಹತ್ತಿರ. ಇಬ್ಬರೂ ಅಲ್ಲಾದಿಯಾ ಖಾನರ ಮಕ್ಕಳು. ಆ ಗುರುಪರಂಪರೆಯಲ್ಲೇ ಕೇಸರಬಾಯಿ, ಮೊಗುಬಾಯಿ, ಕಿಶೋರಿ ಅಮೋಣಕರ್ ಸಿಗುತ್ತಾರೆ. ಒಂದು ವರ್ಷಕ್ಕಾಗುವಷ್ಟು ಇದೆ.

ಹಳೇ_ಡೆಕ್:
ಎಲ್ಲ ಸರಿ. ಡ್ಯಾಕ್ ಯಾವುದು ತಗೊಳ್ಳಬೇಕು ಅಂತ ಇನ್ನೂ ಯಾರೂ ಕೇಳಲಿಲ್ಲ.